ದ್ಯಾಮಣ್ಣನ ರೆಪ್ಪೆ

ಗಂಡನ ಮನಸ್ಸಿನಲ್ಲಿ ಏನಿದೆ ಎಂದು ಒಮ್ಮೆಯಾದರೂ ತಿಳಿಯಬೇಕು, ಹುಲಗಮ್ಮನಿಗಿದ್ದ ಹಟ ಇದೊಂದೇ. ಅಳವಂಡಿ ಕಡೆಯ ಕುರಿ ವ್ಯಾಪಾರಿ ದ್ಯಾಮಣ್ಣನ ರೆಪ್ಪೆಗಳು ಅರ್ಧ ಕಣ್ಣು ಮುಚ್ಚುವಂತೆ ಜೋತುಬಿದ್ದಿದ್ದವು. ಸಾರು ಬಡಿಸಿ ‘ಹೆಂಗಾಗೇತ್ರಿ?’ ಎಂದರೆ ‘ಛಲೋ ಐತಿ’ ಎನ್ನುತ್ತಿದ್ದ. ಉಪ್ಪು ಹಾಕಲು ಮರೆತ ದಿನವೂ ಅದೇ ‘ಛಲೋ ಐತಿ’. ಆ ಮುಖದಲ್ಲಿ ಏನು ಓದುತ್ತೀರಿ, ಮಣ್ಣು!

ಸಂತೆಯಲ್ಲಿ ಮಾತ್ರ ಆ ಮುಖಕ್ಕೆ ಭಾರಿ ಕಿಮ್ಮತ್ತು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವಾಗ ಮಾರುವವರು ಕೊಳ್ಳುವವನ ಕಣ್ಣನ್ನೇ ನೋಡುತ್ತಾರೆ. ದ್ಯಾಮಣ್ಣನ ಕಣ್ಣಲ್ಲಿ ಆಸೆ ಇದೆಯೋ ನಿದ್ದೆ ಇದೆಯೋ ತಿಳಿಯದೆ, ಬೇಸತ್ತು ತಾವೇ ದರ ಇಳಿಸುತ್ತಿದ್ದರು.

ಮಗನ ಮದುವೆಯ ಆಲ್ಬಂ ಬಂದಾಗ ಹುಲಗಮ್ಮನಿಗೆ ನೆಪ ಸಿಕ್ಕಿತು. ‘ಒಂದ ಫೋಟೋದಾಗರ ಕಣ್ಣ ತಗದೀರೇನ್ರಿ? ಅಕ್ಕಿಕಾಳು ಹಾಕೂ ಮುಂದನೂ ನಿದ್ದಿ! ಬೀಗರು ನಗಾಕತ್ಯಾರ.’ ಬೀಗರು ನಕ್ಕಿರಲಿಲ್ಲ, ಪಾಪ. ಆದರೂ ಮಾತು ನಾಟಿತು.

ಗಂಗಾವತಿಯ ಡಾಕ್ಟರಮ್ಮ ರೆಪ್ಪೆಯನ್ನು ಬೆರಳಲ್ಲಿ ಎತ್ತಿ ನೋಡಿದರು. ‘ದೃಷ್ಟಿ ಛಲೋ ಐತ್ರಿ. ಇದು ಬರೇ ಚಂದಕ್ಕ ಮಾಡೂ ಆಪರೇಷನ್. ಹೆಚ್ಚಿನ ಚರ್ಮ ತಗದು ಹೊಲೀತೀವಿ, ಸಂಜಿಗೆ ಮನಿಗೆ ಹೋಗಬಹುದು. ಆಮ್ಯಾಲ ಬಾವು ಬರತೈತಿ, ಕಣ್ಣ ಸುತ್ತ ಕಪ್ಪಾಗತೈತಿ, ಅಂಜಬ್ಯಾಡ್ರಿ. ಸ್ವಲ್ಪ ದಿನ ಬೆರಗಾದವರಂಗ ಕಾಣಬಹುದು.’

‘ನೋವಕ್ಕೈತೇನ್ರಿ?’ ದ್ಯಾಮಣ್ಣ ಕೇಳಿದ.

‘ತುಪ್ಪಟ ಕತ್ತರಿಸೂ ಮುಂದ ನೀವು ಕುರಿನ ಕೇಳತೀರೇನು?’ ಹುಲಗಮ್ಮನೇ ಉತ್ತರ ಕೊಟ್ಟಳು.

ಆಪರೇಷನ್ ಆದ ಎರಡು ದಿನಕ್ಕೆ ಕಣ್ಣುಗಳು ಬಾತು ಬದನೆಕಾಯಿಯಾದವು. ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ಎರಡು ದಿಂಬು, ಬಟ್ಟೆಯಲ್ಲಿ ಸುತ್ತಿದ ಐಸು. ಪಕ್ಕದ ಮನೆಯ ಫಕೀರಮ್ಮ ಇಣುಕಿ ನೋಡಿ, ‘ಯವ್ವಾ, ಯಾಕ ಹಂಗ ಬಡದೀಯಬೇ ಗಂಡಗ!’ ಎಂದಳು.

‘ಮಾತ ಕೇಳಲಿಲ್ಲ, ಏನ ಮಾಡ್ಲಿ?’ ಎಂದಳು ಹುಲಗಮ್ಮ, ಒಂದಿಷ್ಟೂ ನಗದೆ. ಅಂದಿನಿಂದ ಓಣಿಯ ಗಂಡಸರೆಲ್ಲ ಅವಳಿಗೆ ದಾರಿ ಬಿಟ್ಟು ನಡೆಯತೊಡಗಿದರು.

ಹೊಲಿಗೆ ಬಿಚ್ಚಿ ಬಾವು ಇಳಿದಾಗ ದ್ಯಾಮಣ್ಣನಿಗೆ ದೊಡ್ಡ ದೊಡ್ಡ ಕಣ್ಣು! ಹುಲಗಮ್ಮನಿಗೆ ಹಬ್ಬವೋ ಹಬ್ಬ. ಪುಂಡಿಪಲ್ಯ ಬಡಿಸಿದರೆ ಬಾಯಿ ಹೊಗಳುತ್ತಿತ್ತು, ಕಣ್ಣು ಕಿರಿದಾಗಿ ಬೈಯುತ್ತಿತ್ತು. ಅವಳ ತಮ್ಮ ಬಂದರೆ ‘ಬಾರಪಾ, ಬಾ’ ಎನ್ನುವ ಹೊತ್ತಿಗೇ ಕಣ್ಣು ‘ಯಾವಾಗ ಹೋಗತಿ?’ ಎನ್ನುತ್ತಿತ್ತು. ಇಷ್ಟು ವರ್ಷಕ್ಕೆ ಗಂಡ ಕೈಗೆ ಸಿಕ್ಕನಲ್ಲ ಎಂದು ಅವಳು ಒಳಗೊಳಗೇ ಕುಣಿದಳು.

ಆದರೆ ದ್ಯಾಮಣ್ಣ ಕುಷ್ಟಗಿ ಸಂತೆಯಿಂದ ಬರಿಗೈಯಲ್ಲಿ ಬಂದ. ಮತ್ತೊಮ್ಮೆ ಹೋಗಿ ಮತ್ತೆ ಬರಿಗೈ. ‘ಟಗರು ನೋಡಿದ ಕೂಡ್ಲೆ ಕಣ್ಣು ಅಗಲಾಕ್ಕಾವು. ಆ ಕುರಿ ಮಾರೂ ಓಬಳೆಪ್ಪ ಅದನ್ನ ನೋಡಿ ರೇಟ್ ಏರಸ್ತಾನ. ನನ್ನ ಧಂದೆ ಮುಗೀತ್ಲೇ’ ಎಂದು ಗೋಡೆಗೆ ಒರಗಿ ಕುಳಿತ. ಹುಲಗಮ್ಮನೂ ಪಕ್ಕದಲ್ಲಿ ಕುಳಿತಳು. ತಾನು ಮಾಡಿಸಿದ್ದಲ್ಲವೇ?

ಮುಂದಿನ ಸಂತೆಗೆ ತಾನೂ ಹೊರಟಳು. ದಾರಿಯುದ್ದಕ್ಕೂ ಪಾಠ. ‘ಬೇಕಾದ್ದರ ಕಡೆ ನೋಡಬ್ಯಾಡ್ರಿ. ಬ್ಯಾಡಾದ್ದನ್ನ ಕಣ್ತುಂಬ ನೋಡ್ರಿ.’

ಓಬಳೆಪ್ಪನ ಮಂದೆಯಲ್ಲಿ ಸೊಗಸಾದ ಟಗರೊಂದಿತ್ತು. ದ್ಯಾಮಣ್ಣ ಅದಕ್ಕೆ ಬೆನ್ನು ಹಾಕಿ, ಪಕ್ಕದ ಕುಂಟು ಕುರಿಯನ್ನು ದೇವರನ್ನು ಕಂಡವನಂತೆ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಟವೆಲ್ಲಿನ ಕೆಳಗೆ ಬೆರಳು ಒತ್ತಿದ, ಮತ್ತೊಂದು ಬೆರಳು ಸೇರಿಸಿ ದರ ಏರಿಸಿದ. ಓಬಳೆಪ್ಪ ಕೈ ಎಳೆದುಕೊಂಡ. ‘ಏ ಹೋಗೋ ಮಾರಾಯ! ಈ ಕುಂಟದಾಗ ಏನೋ ಐತಿ, ನಾ ಕೊಡಾಂಗಿಲ್ಲ. ಬೇಕಂದ್ರ ಆ ಟಗರು ಹೊಡಕೊಂಡು ಹೋಗು, ರೇಟ್ ನೀನಽ ಹೇಳು!’

ಟಗರಿನ ಜೊತೆ ಹುಲಗಮ್ಮನಿಗೊಂದು ಇಳಕಲ್ ಸೀರೆಯೂ ಮನೆಗೆ ಬಂತು. ಉಟ್ಟು, ಸೆರಗು ಸರಿಮಾಡಿಕೊಂಡು, ನಾಚಿಕೆಯಿಂದಲೇ ಕೇಳಿದಳು: ‘ಹೆಂಗ ಕಾಣತೀನ್ರಿ?’

ದ್ಯಾಮಣ್ಣನ ಕಣ್ಣು ಅಗಲವಾದವು. ‘ಲಕ್ಷ್ಮಿ ಬಂದಂಗಾತು ನೋಡು!’

ಹುಲಗಮ್ಮ ಅರಳಿದಳು. ಅರಳಿದವಳು ಹಾಗೆಯೇ ನಿಂತಳು.

‘ಖರೆ ಹೇಳ್ರಿ.’

ಕಣ್ಣು ಇನ್ನೂ ಅಗಲವಾದವು.

‘ಅಯ್ಯ ನನ್ನ ಶಿವನ!’ ಎಂದು ಹಣೆ ಬಡಿದುಕೊಂಡಳು. ‘ಆ ಕುಂಟ ಕುರಿಗೂ ಹಿಂಗಽ ನೋಡಿದ್ರೆಲ್ರಿ!’