ಬಿಸಿ ಆದ ಮ್ಯಾಲೆ ತಿರಗೂ ಫ್ಯಾನು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ತಾಲೂಕಿನೊಳಗೆ ಕೆಟ್ಟು ನಿಂತ ಯಾವ ಯಂತ್ರವೇ ಇರಲಿ, ನನ್ನ ಕೆಮ್ಮು ಕೇಳಿದರೆ ಗಾಬರಿಯಾಗಿ ಚಾಲೂ ಆಗುತ್ತದೆ. ಇದನ್ನು ನಾನು ಹೇಳುತ್ತಿಲ್ಲ, ಮಂದಿ ಹೇಳುತ್ತಾರೆ. ಅವರು ಮರೆತಾಗ ನಾನು ನೆನಪು ಮಾಡಿಕೊಡುತ್ತೇನೆ ಅಷ್ಟೇ. ನಾನು ರಿಪೇರಿ ಮಾಡಿದ ರೇಡಿಯೋ ಒಮ್ಮೆ ಎಂಥ ಕೂಗು ಹಾಕಿತೆಂದರೆ, ಮಿಲ್ಲಿನ ಮಂದಿ ಪಾಳಿ ಮುಗಿದ ಸೈರನ್ ಎಂದುಕೊಂಡು ಊಟದ ಡಬ್ಬಿ ಹಿಡಿದು ಹೊರಬಿದ್ದರು. ಅಣಶಿ ಕಾಡಿನ ಹುಲಿಯೂ ಪಾಳಿ ಮುಗಿಸಿ ಮಲಗಿತಂತೆ. ಅಂಗಡಿಯ ಹೆಸರು ‘ಪುಂಡಲೀಕ ರಿಪೇರಿ ಸೆಂಟರ್’. ಮಿಕ್ಸರ್, ಟಿವಿ, ಕಂಪ್ಯೂಟರ್ ಎಲ್ಲ ನೋಡುತ್ತೇನೆ. ಯಂತ್ರದ ಮೇಲೆ ಬಟ್ಟೆ ಹೊದಿಸುವ ಗಿರಾಕಿಗಳನ್ನು ಮಾತ್ರ ಬೈದು ಓಡಿಸುತ್ತೇನೆ. ಗಾಳಿ ಆಡದೆ ಸುಟ್ಟು ಹೋಗುತ್ತದೆ, ಆಮೇಲೆ ನನ್ನ ಹೆಸರು ಕೆಡುತ್ತದೆ.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಡಯಾನಾ ಬಂದಳು. ಹಳಿಯಾಳ ರಸ್ತೆಯ ಸಿದ್ದಿ ಹಳ್ಳಿಯ ಹುಡುಗಿ, ದಾಂಡೇಲಿಯ ಒಂದು ರೆಸಾರ್ಟಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಾಳೆ. ಕೌದಿಯ ತುಂಡಿನಲ್ಲಿ ಸುತ್ತಿದ ಗಂಟೊಂದನ್ನು ಎಳೆಗೂಸಿನ ಹಾಗೆ ನನ್ನ ಮೇಜಿನ ಮೇಲೆ ಮಲಗಿಸಿದಳು. ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು. ಅವಳ ಅಣ್ಣ ಆಂತೋನ ತಂದ ಗ್ರಾಫಿಕ್ಸ್ ಕಾರ್ಡು ಅದು. ದೊಡ್ಡ ದೊಡ್ಡ ಆಟಗಳ ಚಿತ್ರ ಪರದೆಯ ಮೇಲೆ ಸರಸರ ಓಡಬೇಕಾದರೆ ಕಂಪ್ಯೂಟರಿಗೆ ಅದು ಬೇಕು.

ಆಂತೋನ ಕಾಳಿ ನದಿಯಲ್ಲಿ ಪ್ರವಾಸಿಗರನ್ನು ರಬ್ಬರ್ ಬೋಟಿನಲ್ಲಿ ಕರೆದೊಯ್ಯುತ್ತಿದ್ದ. ಅವನು ಹುಟ್ಟು ಎತ್ತಿದರೆ ನೀರು ತಾನೇ ಸರಿದು ದಾರಿ ಬಿಡುತ್ತಿತ್ತು. ಅಂಥವನು ಮೊಬೈಲಿನ ಕಾರ್ ರೇಸಿನಲ್ಲಿ ಮಾತ್ರ ಪ್ರತಿ ಸಲ ಗೋಡೆಗೆ ಗುದ್ದುತ್ತಿದ್ದ. ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಅಣ್ಣ-ತಂಗಿ ಆಡುತ್ತಿದ್ದರು, ಗೆಲ್ಲುವವಳು ಯಾವಾಗಲೂ ಡಯಾನಾ.

“ಚಿತ್ರ ತಡವರಿಸ್ತೈತಿ, ಇಲ್ಲಂದ್ರ ನಾನ ಗೆಲ್ತಿದ್ದೆ,” ಅನ್ನುತ್ತಿದ್ದ ಆಂತೋನ. “ಚೊಲೋ ಕಾರ್ಡ್ ಹಾಕಿ ಒಂದ್ ಕಂಪ್ಯೂಟರ್ ಕಟ್ತೇನಿ, ಆಗ ನೋಡು ಬೇಕಾರ.”

“ಕಾರ್ಡ್ ಬದಲಿ ಮಾಡಬ್ಯಾಡ, ಕೈ ಬದಲಿ ಮಾಡ್ಕೋ,” ಅನ್ನುತ್ತಿದ್ದಳು ಅವಳು.

ಆ ಕಾರ್ಡನ್ನು ಹುಬ್ಬಳ್ಳಿಯಿಂದ ತರುವಾಗಲೇ, ಹಳಿಯಾಳ ದಾಟಿದ ಮೇಲೆ, ಬೈಕಿಗೆ ಕಾಡುಕೋಣ ಅಡ್ಡ ಬಂತು. ಆಂತೋನ ಬೈಕು ಸಮೇತ ಹಳ್ಳಕ್ಕೆ ಬಿದ್ದ. ಕಾಳಿಯ ಸುಳಿಗಳನ್ನೆಲ್ಲ ದಾಟಿದವನು ಮೊಣಕಾಲುದ್ದ ನೀರಿನಲ್ಲಿ ತೀರಿಹೋದ. ಇದರಲ್ಲಿ ನಾನು ಏನೂ ಸೇರಿಸಿಲ್ಲ. ಅವನ ಬ್ಯಾಗು ಮರುದಿನ ಸಿಕ್ಕಿತು, ಕಾರ್ಡು ಅದರಲ್ಲೇ ಇತ್ತು.

“ಅಕ್ಕಿ ಡಬ್ಬಿಯೊಳಗ ಇಟ್ಟು ಒಣಗಿಸೇನಿ,” ಅಂದಳು ಡಯಾನಾ. “ಇದಕ್ಕ ಹೊಂದೂವಂಥಾ ಸಾಮಾನು ಕೂಡಿಸಿ ಕಂಪ್ಯೂಟರ್ ಕಟ್ಟೂಣು, ಅಣ್ಣಾ. ಈ ಕಾರ್ಡಿನ್ಯಾಗ ಒಂದ ರೇಸ್ ಆಡಬೇಕು. ಅಂವ ಗೆಲ್ತಿದ್ನೋ ಇಲ್ಲೋ ನೋಡಬೇಕು.”

“ಅಂವ ಇಲ್ಲದ ಹೆಂಗ ನೋಡ್ತಿ?”

“ಅವನ ಪಾಳಿ ನಾನ ಆಡ್ತೇನಿ.”

ಕಾರ್ಡನ್ನು ಎತ್ತಿ ಬೆಳಕಿಗೆ ಹಿಡಿದೆ. ಚಿನ್ನದ ಬಣ್ಣದ ಹಲ್ಲುಗಳ ಬುಡದಲ್ಲಿ ಹಸಿರು ಕಿಲುಬು ಹೂ ಬಿಟ್ಟಿತ್ತು. ಬ್ರಷ್ಷು ಹಿಡಿದು ಸ್ಪಿರಿಟ್ಟಿನಲ್ಲಿ ತೊಳೆದೆ. ಹಾಕಿ ನೋಡೋಣವೆಂದರೆ ಅದಕ್ಕೆ ಕರೆಂಟು ಉಣಿಸುವ ವೈರು ನನ್ನ ಹಳೆಯ ಕಂಪ್ಯೂಟರಿನಲ್ಲಿ ಇಲ್ಲ. ಆದರೂ ಸತ್ತ ಬೋರ್ಡು ಕಂಡರೆ ನನ್ನ ಮೂಗಿಗೆ ತಿಳಿಯುತ್ತದೆ. ಅವತ್ತು ಆ ಮೂಗಿಗೆ ನೆಗಡಿಯಾಗಿರಲಿ ಎಂದು ಬೇಡಿಕೊಂಡೆ.

ಸಾಮಾನು ಆರಿಸಲು ಕೂತೆವು. ಹುಡುಗಿ ಯೂಟ್ಯೂಬನ್ನೆಲ್ಲ ನೀರಿನ ಹಾಗೆ ಕುಡಿದು ಬಂದಿದ್ದಳು.

“ಈ ರ‍್ಯಾಮು ಕೂಡತೈತಿ,” ಅಂದೆ ನಾನು.

“ಕಚ್ಚು ಬ್ಯಾರೆ ಕಡೆ ಐತಿ, ನೋಡಣ್ಣಾ. ಒತ್ತಿದ್ರ ಮುರೀತೈತಿ.”

“ನಾ ಒತ್ತಿದ್ರ ಹೆದರಿ ತಾನ ಕೂಡತೈತಿ.”

“ನೀ ಊರಿಗೆಲ್ಲಾ ಹೇಳೂದು ಇದನ್ನ ಏನು?” ಎಂದು ಎಷ್ಟೋ ದಿನದ ಮೇಲೆ ನಕ್ಕಳು. ಆ ನಗುವಿಗಾಗಿ ನಾನು ಇನ್ನೂ ನಾಲ್ಕು ತಪ್ಪು ಹೇಳಿದೆ. ಕಾರ್ಡಿನ ಉದ್ದ ಕಣ್ಣಳತೆಯಲ್ಲೇ ಹೇಳುತ್ತೇನೆಂದು ಜಂಬ ಪಟ್ಟು ತರಿಸಿದ ಕ್ಯಾಬಿನೆಟ್ಟು ಎರಡು ಬೆರಳು ಗಿಡ್ಡವಾಗಿ, ಹುಬ್ಬಳ್ಳಿ ಬಸ್ಸಿನಲ್ಲಿ ವಾಪಸು ಹೋಯಿತು. ಅದನ್ನು ಮಾತ್ರ ಬೇಕೆಂದು ಮಾಡಿದ್ದಲ್ಲ.

ತಕರಾರು ಬಂದದ್ದು ಪ್ರೊಸೆಸರಿನಲ್ಲಿ. ಅದರಲ್ಲಿ ಎರಡು ಥರ. ಒಂದು ಕಾರ್ಡಿಲ್ಲದಿದ್ದರೂ ತಾನೇ ಸಾದಾ ಚಿತ್ರ ತೋರಿಸುತ್ತದೆ. ಇನ್ನೊಂದು ಸ್ವಲ್ಪ ಅಗ್ಗ, ಆದರೆ ಕಾರ್ಡು ನಡೆಯದಿದ್ದರೆ ಪೂರ್ತಿ ಕುರುಡು. ಡಯಾನಾ ಎರಡನೆಯದಕ್ಕೆ ಬೆರಳಿಟ್ಟಳು. ಆಂತೋನ ಮೊದಲೇ ಆರಿಸಿಟ್ಟಿದ್ದೂ ಅದನ್ನೇ.

“ಮೊದಲನೇದು ತಗೊಳ್ಳೂಣು, ತಂಗಿ. ಯಾವುದಕ್ಕೂ ಇರಲಿ.”

“ಯಾವುದಕ್ಕೂ ಅಂದ್ರ? ಕಾರ್ಡು ನಡ್ಯೂದಿಲ್ಲ ಅಂತೀಯೇನು?” ಅವಳು ಕಾರ್ಡನ್ನು ಮತ್ತೆ ಕೌದಿಯ ತುಂಡಿನಲ್ಲಿ ಸುತ್ತತೊಡಗಿದಳು.

“ಹುಚ್ಚಿ! ಪುಂಡಲೀಕ ಮುಟ್ಟಿದ್ದು ನಡೀದ ಇರ್ತೈತೇನು?” ಎಂದು ಎದೆ ಉಬ್ಬಿಸಿದೆ. ಹುಬ್ಬಳ್ಳಿಗೆ ಹೋಗಿ ಮೊದಲನೆಯದನ್ನೇ ತಂದೆ. ಅವಳು ನೋಡುವ ಮೊದಲೇ ಬೋರ್ಡಿನಲ್ಲಿ ಕೂಡಿಸಿ ಮೇಲೆ ಫ್ಯಾನು ಬಿಗಿದು, ಹೆಸರು ಬರೆದಿದ್ದ ಡಬ್ಬಿಯನ್ನು ಒಲೆಗೆ ಹಾಕಿದೆ.

ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿದ ಮೇಲೆ ಅವರ ಮನೆಯಲ್ಲಿ ಕಟ್ಟಿದೆವು. ಅವಳ ಅವ್ವ ಕ್ಲಾರಾಬಾಯಿ ಗೋಡೆಗೆ ಒರಗಿ ಕೌದಿ ಹೊಲಿಯುತ್ತಿದ್ದಳು. ಆಂತೋನನ ಅಂಗಿಗಳು, ಬೋಟಿನವರ ಕಿತ್ತಳೆ ಬಣ್ಣದ ಟೀ-ಶರ್ಟು, ಎಲ್ಲ ಚೌಕ ಚೌಕ ತುಂಡಾಗಿ ಅದರಲ್ಲಿ ಸೇರಿದ್ದವು. ಒಂದು ಮೂಲೆಯಷ್ಟೇ ಬಾಕಿ ಇತ್ತು.

ಕಾರ್ಡನ್ನು ಡಯಾನಾ ತಾನೇ ಕೂಡಿಸಿದಳು. ಟಕ್ ಎಂದು ಕೂತಿತು. ಕ್ಯಾಬಿನೆಟ್ಟಿನ ಬದಿಗೆ ಗಾಜು, ಒಳಗಿನದೆಲ್ಲ ಕಾಣುತ್ತದೆ. ಗುಂಡಿ ಒತ್ತಿದೆ. ಮುಂದಿನ ಫ್ಯಾನು ತಿರುಗಿತು, ಹಿಂದಿನದು ತಿರುಗಿತು, ಪ್ರೊಸೆಸರಿನದೂ ತಿರುಗಿತು. ಕಾರ್ಡಿನದು ಅಲುಗಲಿಲ್ಲ. ಪರದೆ ಕಪ್ಪಗೇ ಉಳಿಯಿತು.

ನಾನು ಕೆಮ್ಮಿದೆ. ನಿಜವಾಗಿಯೂ ಕೆಮ್ಮಿದೆ.

“ಹೊಸಾ ಮಷೀನು, ಉಸರ ತಗೋತೈತಿ,” ಎನ್ನುತ್ತ ಹಿಂದೆ ಹೋಗಿ, ಪರದೆಯ ವೈರನ್ನು ಕಾರ್ಡಿನಿಂದ ಕಿತ್ತು, ಪ್ರೊಸೆಸರಿನ ಸಾದಾ ಚಿತ್ರ ಬರುವ ಬೋರ್ಡಿನ ತೂತಿಗೆ ಚುಚ್ಚಿ ಮತ್ತೆ ಚಾಲೂ ಮಾಡಿದೆ. ಪರದೆ ಬೆಳಗಿತು. ಕ್ಲಾರಾಬಾಯಿ ಸೂಜಿ ಹಿಡಿದ ಕೈಯಲ್ಲೇ ಶಿಲುಬೆ ಗುರುತು ಮಾಡಿಕೊಂಡಳು.

ಡಯಾನಾ ಪರದೆ ನೋಡಲಿಲ್ಲ. ಗಾಜಿನೊಳಗೆ ಕಾರ್ಡಿನ ಫ್ಯಾನನ್ನು ನೋಡಿದಳು. ಬಗ್ಗಿ ಹಿಂದಿನ ವೈರು ಎಲ್ಲಿ ಹೋಗಿದೆ ಎಂದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾಲ್ಕು ತಾಲೂಕಿಗೆ ಸಾಲುವಷ್ಟು ಸುಳ್ಳು ಸದಾ ನನ್ನ ನಾಲಿಗೆಯ ಮೇಲೆ ಇರುತ್ತದೆ. ಒಂದೂ ಹೊರಗೆ ಬರಲಿಲ್ಲ.

“ಆ ನಡುವಿನ ಪಂಖಾ ಯಾಕ ತಿರಗವಲ್ದು?” ಎಂದು ಕೇಳಿದಳು ಕ್ಲಾರಾಬಾಯಿ. “ನನ್ನ ಮಗಾ ತಂದದ್ದು ಅದ ಅಲ್ಲೇನು?”

ನಾನು ಬಾಯಿ ತೆರೆಯುವ ಮೊದಲೇ ಡಯಾನಾ ಅಂದಳು: “ಬಿಸಿ ಆದ ಮ್ಯಾಲ ತಿರಗತೈತ್ಯವ್ವಾ. ಈಗಿನ ಕಾರ್ಡೆಲ್ಲಾ ಹಂಗ. ಚಿತ್ರ ಅದರಿಂದನ ಬರಾಕತ್ತೈತಿ, ನೋಡು.”

ಕ್ಲಾರಾಬಾಯಿ ಎದ್ದು ಬಂದು ಗಾಜಿಗೆ ಅಂಗೈ ಹಚ್ಚಿದಳು. “ತಣ್ಣಗೈತಿ,” ಅಂದಳು. ಹೋಗಿ ಕೂತು ಕೊನೆಯ ಮೂಲೆ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು. ಕೌದಿಯನ್ನು ಝಾಡಿಸಿ ತಂದು ಕ್ಯಾಬಿನೆಟ್ಟಿನ ಮೇಲೆ ಹೊದಿಸಿದಳು. ಕಿತ್ತಳೆ ತುಂಡು ಮೇಲೆ ಬಂತು.

“ಬೆಚ್ಚಗಾಗಲಿ,” ಅಂದಳು.

ನಾನು ಬೈಯಲಿಲ್ಲ. ಹಿಂದೆ ಹೋಗಿ, ಗಾಳಿ ಆಡುವಷ್ಟು, ಕೌದಿಯ ಅಂಚನ್ನು ಒಂದು ಗೇಣು ಮಡಚಿಟ್ಟೆ.

ಡಯಾನಾ ರೇಸು ಚಾಲೂ ಮಾಡಿದಳು. ಚಿತ್ರ ತಡೆದು ತಡೆದು ಓಡಿತು. ಎರಡನೇ ತಿರುವಿನಲ್ಲಿ ಕಾರು ಗೋಡೆಗೆ ಗುದ್ದಿತು. ಮೊಬೈಲಿನಲ್ಲಿ ಆಡುವಾಗ ಅವಳು ಅಂಥ ತಿರುವಿನಲ್ಲಿ ಎಂದೂ ಗುದ್ದಿದವಳಲ್ಲ.

“ಚಿತ್ರ ತಡವರಿಸ್ತೈತ್ಯಣ್ಣಾ,” ಅಂದಳು, ಪರದೆಯಿಂದ ಕಣ್ಣು ತೆಗೆಯದೆ. “ಇಲ್ಲಂದ್ರ ಅಂವ ಗೆಲ್ತಿದ್ದ.”

“ಗೆಲ್ತಿದ್ದ,” ಅಂದೆ ನಾನು.

ಕ್ಲಾರಾಬಾಯಿ ಕೌದಿಯ ಒಳಗೆ ಕೈ ತೂರಿಸಿ, ಗಾಜು ಬೆಚ್ಚಗಾಯಿತೇ ಎಂದು ಮುಟ್ಟಿ ನೋಡುತ್ತ ಕೂತಿದ್ದಳು.