ಒಂದೇ ಉಸಿರಿಗೆ ಎರಡು ನಂಬರು

"ಹನ್ನೊಂದು, ಹನ್ನೆರಡು" ಎಂದು ತಂಗಿ ಬಸ್ಸಿನ ಕೊನೆಯ ಸೀಟಿನಿಂದ ಒಂದೇ ಉಸಿರಿಗೆ ಕೂಗಿದಳು. ಹನ್ನೊಂದು ಅವಳದು, ಹನ್ನೆರಡು ಅಕ್ಕನದು. ಟೂರಿನ ಮ್ಯಾನೇಜರು ಪಟ್ಟಿಯಲ್ಲಿ ಎರಡು ಗೀಟು ಎಳೆದ. ಮೂವತ್ತಾರರವರೆಗೂ ಕೂಗಿ ಮುಗಿದ ಮೇಲೆ ಬಸ್ಸು ರಾತ್ರಿ ಇಳಿದುಕೊಂಡಿದ್ದ ಹೋಟೆಲಿನ ಗೇಟು ದಾಟಿ ಹೊರಟಿತು.

ಆ ಕಂಪನಿಯ ಪದ್ಧತಿಯೇ ಅದು. ತಲೆ ಎಣಿಸುವ ತಂಟೆಯಿಲ್ಲ, ಅವರವರ ನಂಬರನ್ನು ಅವರವರೇ ಕೂಗಬೇಕು. ಅಕ್ಕನಿಗೆ ನಂಬರಿರಲಿ, ಬೆಳಿಗ್ಗೆ ಹಲ್ಲುಜ್ಜಿದ್ದೇ ನೆನಪಿರುತ್ತಿರಲಿಲ್ಲ. ಮೊದಲ ದಿನದಿಂದಲೇ ತಂಗಿ ಅವಳದ್ದನ್ನೂ ಸೇರಿಸಿ ಕೂಗುತ್ತಿದ್ದಳು. "ಅಕ್ಕನ ಬಾಯಿಗೆ ಬೀಗ ಹಾಕಿದೀರೇನ್ರೀ?" ಎಂದು ಪಕ್ಕದ ಸೀಟಿನ ಮೇಷ್ಟ್ರು ಕೆಣಕಿದ್ದರು. "ಅರವತ್ತು ವರ್ಷ ಅವಳೇ ಮಾತಾಡಿದಾಳೆ, ಈಗ ನನ್ನ ಸರದಿ" ಎಂದು ತಂಗಿ ನಗೆಯಲ್ಲೇ ತೇಲಿಸಿಬಿಟ್ಟಿದ್ದಳು.

ಮರೆವಿನ ಕಾಯಿಲೆ ಎಂದಿದ್ದರೆ ಕಂಪನಿಯವರು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಅತ್ತ ಅಕ್ಕನ ಮಗ ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸಲು ತುದಿಗಾಲಲ್ಲಿ ನಿಂತಿದ್ದ. "ಹತ್ತು ದಿನ ನನ್ನ ಜೊತೆ ಕಳಿಸಿ ನೋಡು. ಒಂದು ಗೀರೂ ಬೀಳದ ಹಾಗೆ ಕರ್ಕೊಂಡು ಬಂದ್ರೆ, ಆಮೇಲೆ ಅವಳು ನನ್ನ ಮನೇಲೇ ಇರ್ತಾಳೆ" ಎಂದು ತಂಗಿ ಹಟ ಹಿಡಿದಿದ್ದಳು. ಅವನೂ ಒಪ್ಪಿದ್ದ. ಇದು ಐದನೆಯ ದಿನ.

ವಾಂತಿಯಾಗುತ್ತದೆಂದು ಅಕ್ಕನನ್ನು ಮುಂದಿನ ಒಂಟಿ ಸೀಟಿನಲ್ಲಿ ಕೂರಿಸಿ, ಮಂಡಿನೋವಿನ ಕಾಲು ಚಾಚಲು ಇವಳು ಹಿಂದೆ ಬಂದು ಕೂರುತ್ತಿದ್ದಳು. ಅಲ್ಲಿಂದ ಅಕ್ಕನ ನೀಲಿ ಶಾಲಿನ ಅಂಚಷ್ಟೇ ಕಾಣುತ್ತಿತ್ತು. ಇವತ್ತು ರಗಳೆಯಿಲ್ಲದೆ ಕೂತಿದ್ದಾಳಲ್ಲ ಪುಣ್ಯಾತ್ಗಿತ್ತಿ, ಎಂದುಕೊಂಡು ಕಣ್ಣು ಮುಚ್ಚಿದಳು. ಐದು ದಿನದಲ್ಲಿ ಮೊದಲ ಸಲ ಅವಳಿಗೆ ಗಾಢವಾದ ನಿದ್ದೆ ಹತ್ತಿತು.

ಚಹಾಕ್ಕೆ ನಿಲ್ಲಿಸಿದಾಗ ಆ ಸೀಟಿನಲ್ಲಿ ಶಾಲು ಮಾತ್ರ ಇತ್ತು.

"ಹನ್ನೆರಡು ಅಂತ ಕೂಗಿದ್ದು ಯಾರಮ್ಮ?" ಮ್ಯಾನೇಜರು ಪಟ್ಟಿ ಹಿಡಿದು ಕೇಳಿದ.

"ನಾನೇ" ಎಂದಳು ತಂಗಿ. ಶಾಲು ಎತ್ತಿಕೊಂಡು ಕೆಳಗಿಳಿದಳು.

ಬಸ್ಸು ಮುಂದಕ್ಕೆ ಹೋಯಿತು. ಇವಳು ಬಾಡಿಗೆ ಕಾರಿನಲ್ಲಿ ಹಿಂದಿರುಗಿದಳು. ಒಂದು ಕಾಲಕ್ಕೆ ದೊಡ್ಡ ಮನುಷ್ಯರು ಇಳಿಯುತ್ತಿದ್ದ ಹೋಟೆಲು ಅದು, ಈಗ ಟೂರಿನವರೇ ಗತಿ. ಆರು ಅಂತಸ್ತು, ಎಲ್ಲಿ ನೋಡಿದರೂ ಅದೇ ಕಂದು ಬಾಗಿಲು, ನಡುವೆ ಸವೆದು ದಾರ ಎದ್ದ ಅದೇ ಕಾರ್ಪೆಟ್ಟು. ಕಣ್ಣು ನೆಟ್ಟಗಿದ್ದವರೇ ದಾರಿ ತಪ್ಪುವಂಥ ಜಾಗ. ಲಿಫ್ಟು ಕೆಟ್ಟು ನಿಂತಿತ್ತು. ತಂಗಿ ಮೆಟ್ಟಿಲು ಹತ್ತಿದಳು.

ನಾಲ್ಕನೆಯ ಅಂತಸ್ತಿನಲ್ಲಿ ರೂಮು ಗುಡಿಸುವ ಹೆಂಗಸು ಸಿಕ್ಕಳು. "ಆ ಅಜ್ಜಿನಾ? ಬಸ್ಸಿಂದ ಇಳಿದು ಬಂದು ಒಂದೊಂದೇ ಬಾಗಿಲು ತಟ್ತಾ ಇದ್ರು. ಗೆಸ್ಟುಗಳು ಬಾಯಿಗೆ ಬಂದ ಹಾಗೆ ಬೈದ್ರು. ಒಬ್ಬನಂತೂ ನೂಕೇಬಿಟ್ಟ. ನಾನೇ ಕರ್ಕೊಂಡು ಬಂದು ಕೂರಿಸಿದೀನಿ."

ಬಟ್ಟೆ ಇಡುವ ಕೋಣೆಯಲ್ಲಿ, ಮಾಸಿದ ಹಾಸಿಗೆ ಹೊದಿಕೆಗಳ ರಾಶಿಯ ನಡುವೆ ಅಕ್ಕ ಕೂತಿದ್ದಳು. ಹುಬ್ಬಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಉಟ್ಟ ಬಟ್ಟೆ ಒದ್ದೆಯಾಗಿತ್ತು. ತಟ್ಟಿ ತಟ್ಟಿ ಬೆರಳ ಗೆಣ್ಣುಗಳು ಊದಿದ್ದವು. ತಂಗಿಯನ್ನು ಕಂಡದ್ದೇ ಅವಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

ಅಷ್ಟರಲ್ಲಿ ಫೋನು ಬಂತು. ಕಂಪನಿಯವರು ಮಗನಿಗೆ ಆಗಲೇ ಹೇಳಿದ್ದರು. ತಂಗಿ ಬಾಯಿ ತೆರೆಯುವ ಮೊದಲೇ ಅಕ್ಕ ಫೋನು ಕಿತ್ತುಕೊಂಡಳು.

"ನಿನ್ನ ಚಿಕ್ಕಮ್ಮ ಕಳೆದುಹೋಗಿದ್ಲು ಕಣೋ. ಎಷ್ಟು ಬಾಗಿಲು ತಟ್ಟಿದೆ ಅಂತೀಯ. ಈಗ ಸಿಕ್ಕಿದಾಳೆ. ಬೈಬೇಡ ಅವಳನ್ನ, ಮೊದಲೇ ಅಳುಬುರುಕಿ."

ತಂಗಿ ಫೋನು ತೆಗೆದುಕೊಂಡಳು. ಅವನು ಬೈಯಲಿಲ್ಲ. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

"ಈಗ ಏನ್ ಮಾಡೋಣ ಚಿಕ್ಕಮ್ಮ?"

ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ತಂಗಿ ಅಕ್ಕನ ಊದಿದ ಗೆಣ್ಣುಗಳನ್ನು ನೋಡಿದಳು.

"ಆ ಆಶ್ರಮದವರಿಗೆ ಹೇಳ್ಬಿಡಪ್ಪ" ಎಂದಳು.

ಮುಖ ಒರೆಸಿಕೊಳ್ಳಲು ಕೈ ಬಿಡಿಸಿಕೊಳ್ಳಹೋದಳು. ಅಕ್ಕ ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಸುಮ್ನೆ ಕೂತ್ಕೋ. ಇನ್ನು ಎಲ್ಲಿಗೂ ಕಳಿಸಲ್ಲ ನಿನ್ನ."