ಮುಚ್ಚಳವಿಲ್ಲದ ಒಲೆ

ಸರ್ವಮಂಗಳಾ ಮೂವತ್ತು ವರ್ಷ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದವಳು. ಒಮ್ಮೆ ಎಡವಿದ್ದಕ್ಕೆ ನಡಿಗೆಯನ್ನೇ ಬಿಡುವ ಪೈಕಿಯವಳಲ್ಲ. ಎಡವಿದ್ದೇನೋ ನಿಜ. ವೆಸ್ಟ್ ಮಾಂಬಲಂನ ತಮ್ಮ ಫ್ಲ್ಯಾಟಿನ ತಾರಸಿಯಲ್ಲಿ ಬದನೆ, ಟೊಮೇಟೊ ಬೆಳೆಸಿದ್ದಳು. ಕುಂಡದ ಮಣ್ಣಿಗೆ ಬೆರೆಸಲು ಇದ್ದಿಲು ಬೇಕಿತ್ತು. ಮನೆಮನೆಯ ತೆಂಗಿನ ಚಿಪ್ಪು ಕೂಡಿಸಿ, ಗಿಡ-ಗೊಬ್ಬರದ ಅಂಗಡಿಯ ಗಿರಿಧರನ ಮಾತು ನಂಬಿ, ಬಿಗಿ ಮುಚ್ಚಳದ ಡ್ರಮ್ಮೊಂದನ್ನು ತಂದಳು. ಹಚ್ಚಿದ್ದೇ ತಡ, ಅದರ ಮೋಟು ಕೊಳವೆಯಿಂದ ಹಳದಿ ಹೊಗೆ ಉಕ್ಕಿ ತಾರಸಿಯೆಲ್ಲ ತುಂಬಿತು.

ಅಲ್ಲಿ ಎದುರುಮನೆ ಜಾನಕಮ್ಮನ ಮಡಿಸೀರೆ ಒಣಗುತ್ತಿತ್ತು. "ಇದನ್ನುಟ್ಟು ದೇವರ ಮುಂದೆ ಕೂತ್ರೆ ಬೀಡಿ ಸೇದಿ ಬಂದ ಹಾಗಿರತ್ತೆ," ಎಂದವರೇ ಜಾನಕಮ್ಮ ಬಾಗಿಲು ಹಾಕಿಕೊಂಡರು. ಇಪ್ಪತ್ತಾರು ವರ್ಷ ಸಾರಿನಪುಡಿ, ಹುಳಿ, ಕಷ್ಟಸುಖ ಎಲ್ಲ ದಾಟಿದ್ದ ಬಾಗಿಲು ಅದು. ಮೂರು ವಾರವಾದರೂ ತೆರೆದಿರಲಿಲ್ಲ.

ಫ್ಲ್ಯಾಟಿನ ಸಂಘದ ಕಾರ್ಯದರ್ಶಿ ತಿರುಮಲ ಇನ್ನೊಂದೇ ಅವಕಾಶ ಕೊಟ್ಟಿದ್ದರು: ಮತ್ತೆ ಹೊಗೆ ಬಂದರೆ ತಾರಸಿಯಲ್ಲಿ ಬೆಂಕಿಯೇ ಕೂಡದು. ಅದನ್ನು ಸರ್ವಮಂಗಳಾ ಸಹಿಸಿಯಾಳು. ಆ ಬಾಗಿಲು ಮಾತ್ರ ತೆರೆಯಲೇಬೇಕಿತ್ತು.

ಈ ಸಲ ಅಂಗಡಿಯವರ ಮಾತಿಗೆ ಕಿವಿಗೊಡಲಿಲ್ಲ. ಓದಿ, ಲೆಕ್ಕ ಹಾಕಿ, ತಾಂಬರಂನ ವೆಲ್ಡಿಂಗ್ ಶೆಡ್ಡಿನಲ್ಲಿ ಅಗಲ ಬಾಯಿಯ, ಕಿರಿದಾದ ತಳದ, ಆಲಿಕೆಯಂಥ ಕಬ್ಬಿಣದ ಒಲೆ ಮಾಡಿಸಿದಳು. ಮುಚ್ಚಳವಿಲ್ಲ, ಕೊಳವೆಯಿಲ್ಲ. ಗಿರಿಧರ ನಕ್ಕ: "ಮುಚ್ಚಳ ಇಲ್ದೆ ಇದ್ದಿಲಾಗಲ್ಲ ಮೇಡಂ, ಎಲ್ಲಾ ಬೂದಿಯಾಗತ್ತೆ."

"ಆಗ್ಲಿ ಬಿಡಪ್ಪ. ನಾವು ವಿಭೂತಿಯೋರು, ಹಣಿಗೆ ಹಚ್ಕಂತೀವಿ," ಎಂದಿದ್ದಳು ದಾವಣಗೆರೆಯ ಸರ್ವಮಂಗಳಾ.

ಭಾನುವಾರ ಬೆಳಿಗ್ಗೆ ಇಟ್ಟಿಗೆಯ ಮೇಲೆ ಒಲೆ ಕೂತಿತು, ಅದರ ತಳಕ್ಕೆ ಒಂದಿಷ್ಟು ಚಿಪ್ಪು ಬಿತ್ತು. ತಿರುಮಲ ಕುರ್ಚಿ ಹಾಕಿಕೊಂಡು ಕೂತರು. ಅಷ್ಟರಲ್ಲಿ ಒದ್ದೆ ಸೀರೆ, ಕೋಲು ಹಿಡಿದು ಜಾನಕಮ್ಮ ಬಂದರು. ದೂರದ ಹಗ್ಗಗಳನ್ನೆಲ್ಲ ಬಿಟ್ಟು ಒಲೆಗೆ ಹತ್ತಿರದ ಹಗ್ಗದ ಮೇಲೇ ಸೀರೆ ಹರವಿದರು.

"ಅಮ್ಮಾ, ಇವತ್ತು ಅಲ್ಲಿ ಬೇಡ," ಎಂದರು ತಿರುಮಲ.

"ಯಾಕೆ? ಪುಗೈ ಬರಲ್ಲ ಅಂತ ಹೇಳಿದಾರಲ್ಲ? ಹೊಗೆ ಇಲ್ದಿದ್ರೆ ನನ್ನ ಸೀರೆಗೇನು?" ಎಂದರು ಜಾನಕಮ್ಮ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ.

"ಅಲ್ಲೇ ಇರ್ಲಿ ಬಿಡ್ರಿ," ಎಂದಳು ಸರ್ವಮಂಗಳಾ. ಜಾನಕಮ್ಮ ತಿರುಗಿಯೂ ನೋಡಲಿಲ್ಲ.

ತಿರುಮಲ ಸಹಾಯಕ್ಕೆಂದು ಕರ್ಪೂರವನ್ನು ಚಿಪ್ಪಿನಡಿ ತೂರಿಸಲು ಹೋದರು. ಅವಳು ತಡೆದಳು. "ಮೇಲಿಂದ ಹಚ್ಬೇಕು ಸಾರ್."

"ಒಲೆ ಅಂದ್ಮೇಲೆ ಅಡಿಯಲ್ಲಿ ತಾನೇ ಹಚ್ಚೋದು?"

"ಅಲ್ಲೇ ನಾವೆಲ್ಲಾ ತಪ್ಪೋದು. ಕೆಳಗ ಹಚ್ಚಿದ್ರೆ ಹೊಗೆ ಮೇಲೆ ಓಡಿ ಹೋಗ್ತೈತಿ. ಮೇಲೆ ಬೆಂಕಿ ಕೂತಿದ್ರೆ ಹೊಗಿನೂ ಉರಿದು ಹೋಗ್ತೈತಿ. ಆ ಉರಿನೇ ಮುಚ್ಚಳ."

ಮೊದಲು ಎರಡೆಳೆ ಹೊಗೆ ಎದ್ದಿತು. ಆಮೇಲೆ ಬರೀ ಉರಿ. ಚಿಪ್ಪಿನ ಮೇಲೆ ಬಿಳಿ ಬೂದಿ ಕಾಣಿಸಿದೊಡನೆ ಇನ್ನೊಂದು ಪದರ ಹಾಕುತ್ತ ಹೋದಳು. ಅವಸರವಿಲ್ಲ, ಅನುಮಾನವಿಲ್ಲ. ಒಂದು ಗಂಟೆಯಲ್ಲಿ ಚಿಪ್ಪಿನ ಮೂಟೆ ಖಾಲಿಯಾಗಿ ಒಲೆ ತುಂಬಿತು. ಜಾನಕಮ್ಮ ನೀರಿನ ಟ್ಯಾಂಕಿನ ನೆರಳಲ್ಲೇ ನಿಂತಿದ್ದರು.

ಕೊನೆಗೆ ಕೆಂಡ ಆರಿಸಲು ಬಕೆಟ್ಟುಗಟ್ಟಲೆ ನೀರು ಸುರಿದಳು. ಭುಸ್ಸೆಂದು ಬೆಳ್ಳಗೆ ಎದ್ದದ್ದು ಹಗ್ಗವನ್ನೆಲ್ಲ ಮುಚ್ಚಿಬಿಟ್ಟಿತು.

"ನೋಡಿದ್ರಾ!" ತಿರುಮಲ ಎದ್ದು ನಿಂತರು.

"ಅದು ಆವಿ ಸಾರ್. ಇಡ್ಲಿಪಾತ್ರಿದು ನೋಡಿಲ್ವಾ?" ದನಿ ಗಟ್ಟಿಯಾಗಿತ್ತು. ಕಣ್ಣು ಮಾತ್ರ ಹಗ್ಗದ ಮೇಲಿನ ಸೀರೆ ಬಿಟ್ಟು ಕದಲಲಿಲ್ಲ.

ಆವಿ ಕರಗಿತು. ಜಾನಕಮ್ಮ ಬಂದು, ಸೀರೆ ಮುಟ್ಟದೆ, ಕೋಲಿನಿಂದಲೇ ಅಂಚನ್ನು ಮೂಗಿನ ಹತ್ತಿರಕ್ಕೆ ಎಳೆದರು. ಮೂಸಿದರು. ಇನ್ನೊಂದು ತುದಿಗೆ ಹೋಗಿ ಅಲ್ಲೂ ಮೂಸಿದರು. ಯಾವ ಪರೀಕ್ಷೆಯ ಫಲಿತಾಂಶಕ್ಕೂ ಸರ್ವಮಂಗಳಾ ಹೀಗೆ ಉಸಿರು ಬಿಗಿಹಿಡಿದು ಕಾದವಳಲ್ಲ.

ಜಾನಕಮ್ಮ ಒಲೆಯೊಳಗೆ ಇಣುಕಿ ಕಪ್ಪಗೆ ಹೊಳೆಯುವ ಇದ್ದಿಲು ನೋಡಿದರು.

"ಸರ್ವಮಂಗಳಾ, ನಮ್ಮನೆ ಚಿಪ್ಪು ಮೂರು ವಾರದ್ದು ಅಪ್ಪಡಿಯೇ, ಹಾಗ್ಹಾಗೇ ಇದೆ. ತೊಳೆದು ಒಣಗಿಸಿಟ್ಟಿದೀನಿ. ಬಂದು ತೊಗೊಂಡು ಹೋಗು."

ಮಾತು ಬಿಟ್ಟಿದ್ದ ಮೂರು ವಾರದಲ್ಲಿ ಈ ಹೆಂಗಸು ಒಂದು ಚಿಪ್ಪನ್ನೂ ಕಸಕ್ಕೆ ಹಾಕಿರಲಿಲ್ಲ. ಸರ್ವಮಂಗಳಾ ಬಕೆಟ್ ಕೆಳಗಿಟ್ಟಳು.

"ಬಂದೆ ಜಾನಕಮ್ಮಾರೆ," ಎಂದವಳೇ ಅವರ ಹಿಂದೆ ಮೆಟ್ಟಿಲಿಳಿದಳು.